ಭಜನೆ ನಿಂತಾಗ ಎಚ್ಚರಗೊಂಡ ನೇಕಾರ

ಮಿತ್ರರೇ, ಇಂದು ಬೆಳಿಗ್ಗೆ ಬನಹಟ್ಟಿಯ ನಮ್ಮ ಮಠದ ಭಜನೆಯಲ್ಲಿ, ತಾಳ ತಬಲಾಗಳ ಅಬ್ಬರದ ನಡುವೆಯೇ, ನೇಕಾರ ಈರಪ್ಪ ಕಂಬಕ್ಕೊರಗಿ ಗಾಢನಿದ್ರೆಗೆ ಜಾರಿದ್ದ. ಎರಡು ಪಾಳಿ ವಿದ್ಯುತ್ ಮಗ್ಗ ನಡೆಸುವ ಆತನಿಗೆ, ನಿದ್ರೆ ಸಾಲದೆ ರಕ್ತದೊತ್ತಡ ಏರಿದೆಯೆಂದು ವೈದ್ಯರು ಎಚ್ಚರಿಸಿದ್ದಾರೆ.

“ಲೇ ಈರ್ಯಾ, ಮನ್ಯಾಗ ಹಾಸಿಗಿ ಇಲ್ಲೇನೋ?” ಎಂದು ಪಕ್ಕದವರು ನಕ್ಕರು. ನನಗೆ ಕನಿಕರವೆನಿಸಿತು. ಆತ ನೆಮ್ಮದಿಯಿಂದ ಮಲಗಲೆಂದು, ಮಠದ ಸ್ವಾಮಿಯಾದ ನಾನು ಕೈಯೆತ್ತಿ ಭಜನೆ ನಿಲ್ಲಿಸಿದೆ.

ಸದ್ದಡಗಿದ ಕ್ಷಣವೇ ಈರಪ್ಪ ಧಡಕ್ಕನೆ ಎದ್ದು, “ದಾರ ಹರೀತೇನು?” ಎನ್ನುತ್ತ ಗಾಳಿಯಲ್ಲಿ ಕೈಯಾಡಿಸಿದ.

ಆತನ ಮಡದಿ ಹಣೆ ಬಡಿದುಕೊಂಡಳು. “ಅಜ್ಜಾರ, ಯಾಕ ನಿಲ್ಲಿಸಿದ್ರಿ? ದಾರ ಹರದು ಮಗ್ಗದ ಸಪ್ಪಳ ನಿಂತ್ರನ ಅವ್ರಿಗೆ ಎಚ್ಚರ ಆಗೂದು. ಹಬ್ಬಕ್ಕ ಮಗ್ಗ ಬಂದ್ ಇದ್ರ ಕಣ್ಣ ಮುಚ್ಚಂಗಿಲ್ರಿ. ಇವತ್ತ ಪಾಳಿಗೆ ಹೋಗೂಕಿಂತ ಮೊದ್ಲ ಇಲ್ಲೆರೆ ಮಲಗಲಿ ಅಂತ ಕರ್ಕೊಂಡು ಬಂದಿದ್ದೆ!”

ತಾಳಗಳನ್ನು ಮತ್ತೆ ಬಾರಿಸಿದೆವು. “ಆತು ಬಿಡ್ರಿ, ಪಾಳಿಗೆ ಹೊತ್ತಾತು,” ಎಂದು ಕಣ್ಣುಜ್ಜುತ್ತ ಆತ ಹೊರಟೇಹೋದ.

ಆತನಿಗೆ ದೊರೆತಿದ್ದ ತುಸು ನಿದ್ರೆಯನ್ನು ನನ್ನ ಕರುಣೆಯೇ ಕೆಡಿಸಿತೆಂಬ ಖೇದ ಇನ್ನೂ ಆರಿಲ್ಲ. ಮೌನವೇ ಪರಮವಿಶ್ರಾಂತಿಯೆಂದು ಬಹುಕಾಲ ಪ್ರವಚನ ಮಾಡಿದವನು ನಾನು. ಆ ಮಾತು ನಮ್ಮ ನೇಕಾರರ ಓಣಿಗೆ ಅನ್ವಯಿಸುವುದಿಲ್ಲ.