ಅಕ್ಕನ ಕೂದಲಿಗೆ ಬಂದ ಡಬ್ಬಿ

ಡಾಕ್ಟರು ಕೇಳಿದಾಗ ನಾನು ನಿಜ ಹೇಳಲಿಲ್ಲ. ಅಕ್ಕ ಕುಡಿಯುತ್ತಾಳೆ — ಇಷ್ಟೇ ಹೇಳಬೇಕಿತ್ತು. ಹೇಳಲಿಲ್ಲ. ಅದಕ್ಕಿಂತ ಹೆಚ್ಚಿನದನ್ನೇ ಮಾಡಿದೆ.

ನಾನು ಓದಿದ್ದು ನಾಲ್ಕನೇ ಇಯತ್ತೆ. ಬರೆಯುವ ರೂಢಿಯಿಲ್ಲ. ಆದರೂ ಇದನ್ನು ಬರೆದಿಡಬೇಕು.

ಗಂಡ ತೀರಿಕೊಂಡ ಮೇಲೆ ಅಕ್ಕ ಬೇಡಕಿಹಾಳದ ನಮ್ಮ ಮನೆಗೇ ಬಂದಳು. ದಿನಾ ನಿಪ್ಪಾಣಿಗೆ ಹೋಗಿ ತಂಬಾಕಿನ ವಖಾರಿಯಲ್ಲಿ ಜರಡಿ ಹಿಡಿಯುತ್ತಿದ್ದಳು. ಸಂಜೆ ಬಂದರೆ ಸೊಂಟ ನೆಟ್ಟಗಾಗುತ್ತಿರಲಿಲ್ಲ. ನೋವಿಗೆಂದು ಶುರುವಾದ ಒಂದು ಗುಟುಕು ಬಾಟಲಿಯಾಯಿತು. ಅದನ್ನು ಜೋಳದ ಚೀಲದ ಹಿಂದೆ ಇಡುತ್ತಿದ್ದಳು. ಕಸ ಗುಡಿಸುವಾಗ ನನಗೆ ಕಾಣುತ್ತಿತ್ತು. ಅದರ ಸುತ್ತ ಗುಡಿಸಿ ಬರುತ್ತಿದ್ದೆ. ಅವಳ ಪಾಲಿನ ರೊಟ್ಟಿ ಬೆಳಿಗ್ಗೆ ಹಾಗೇ ಇರುತ್ತಿತ್ತು — ಎಮ್ಮೆಗೆ ಹಾಕುತ್ತಿದ್ದೆ.

ಅಕ್ಕನ ಜಡೆ ಸೊಂಟ ದಾಟಿತ್ತು. ಬಾಚುವಾಗ ಉದುರಿದ ಕೂದಲನ್ನು ನಾವು ಹಿತ್ತಲ ಗೋಡೆಯ ಸಂದಿಯಲ್ಲಿ ಸಿಕ್ಕಿಸಿಡುತ್ತೇವೆ. ಕೂದಲು ಒಯ್ಯುವವಳು ಬಂದಾಗ ಕೊಟ್ಟು ಪಾತ್ರೆ ತೆಗೆದುಕೊಳ್ಳುತ್ತೇವೆ. ಇಬ್ಬರ ವರ್ಷದ ಕೂದಲಿಗೆ ಒಂದು ಸಣ್ಣ ವಾಟಿ ಬಂದರೆ ಹೆಚ್ಚು. ಆ ಸಲ ನಾಲ್ಕೇ ತಿಂಗಳಲ್ಲಿ ಸಂದಿ ತುಂಬಿತು.

“ಅಯ್ಯ ಯವ್ವಾ, ಎಷ್ಟ ಉದ್ದ ಅದಾವ! ಮನ್ಯಾಗ ಯಾರಿಗರ ಜಡ್ಡೇನ?” ಎಂದಳು ಅವಳು.

“ನನ್ನವೂ ಅದಾವ ಇದರಾಗ. ಬೋರಿನ ನೀರ ಸರಿ ಇಲ್ಲ ಬೇ, ಎಲ್ಲಾರವೂ ಉದರಾಕತ್ತಾವ” ಎಂದೆ.

ನನ್ನವು ಅದರಲ್ಲಿ ಹತ್ತೆಳೆ ಇದ್ದರೆ ಹೆಚ್ಚು; ಉಳಿದವೆಲ್ಲ ಅಕ್ಕನವು. ಅಂದು ಸ್ಟೀಲಿನ ದೊಡ್ಡ ಡಬ್ಬಿ ಬಂತು. ಮುಚ್ಚಳ ಬೇರೆ ಎಂದಳು. ಹಟ ಹಿಡಿದು ಅದನ್ನೂ ಪಡೆದೆ. ಒಳಗೆ ಒಯ್ದು ಸಕ್ಕರೆ ತುಂಬಿದೆ.

ಬೈತಲೆ ಅಗಲವಾಗುತ್ತ ಹೋಯಿತು. ಅಕ್ಕನೇ ಹೆದರಿ, “ಚಿಕ್ಕೋಡಿಗಿ ಹೋಗಿ ತೋರಸೂಣ ಬಾ” ಎಂದಳು. ದವಾಖಾನೆಯಲ್ಲಿ ಪಕ್ಕದ ಬಾಕಿನ ಮೇಲೆ ನಮ್ಮೂರಿನ ಹೆಂಗಸೊಬ್ಬಳು ಕುಳಿತಿದ್ದಳು. ನನ್ನ ಮಗಳನ್ನು ನೋಡಿಹೋಗಿದ್ದ ಉಗಾರದ ಮನೆಯವರಿಗೆ ಅವಳು ಹತ್ತಿರದ ಸಂಬಂಧಿ.

“ಊಟಾ ಸರೀ ಮಾಡ್ತೀರೇನ್ರಿ? ತಂಬಾಕ, ದಾರು — ಏನರ ಚಟಾ?” ಡಾಕ್ಟರು ಎಲ್ಲರ ಎದುರಿಗೇ ಕೇಳಿದರು.

ಅಕ್ಕ ಬಾಯಿ ತೆರೆದಳು. ಹೇಳುವವಳಿದ್ದಳು — ಈಗ ನನಗೆ ಖಾತ್ರಿ. ಅಷ್ಟರಲ್ಲಿ ನಾನು ಅಂದೆ: “ಏನ್ ಕೇಳ್ತೀರಿ ಸಾಹೇಬ್ರ! ಹೆಣ್ಮಕ್ಕಳ್ರೀ ನಾವು!”

ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು. ನಕ್ಕು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಅದನ್ನು ಮತ್ತೆ ಇಳಿಸಲೇ ಇಲ್ಲ.

ಎಣ್ಣೆ ಕೊಟ್ಟರು, ಗುಳಿಗೆ ಕೊಟ್ಟರು. ಮಗಳ ಮದುವೆಯಾಯಿತು. ಅಕ್ಕ ಎಣ್ಣೆ ಹಚ್ಚಿಕೊಂಡು ಕುಡಿಯುತ್ತಿದ್ದಳು, ಉಣ್ಣದೆ ಮಲಗುತ್ತಿದ್ದಳು. ಹೀಗೆ ಎರಡು ವರ್ಷ.

ಕಳೆದ ತಿಂಗಳು ವಖಾರಿಯಲ್ಲೇ ತಲೆ ತಿರುಗಿ ಬಿದ್ದಳು. ನಿಪ್ಪಾಣಿಯ ಬೇರೆ ಡಾಕ್ಟರು ರಕ್ತ ತಪಾಸಣೆ ಮಾಡಿಸಿದರು. ಈ ಸಲ ಅಕ್ಕ ತಾನೇ ಹೇಳಿದಳು.

“ದಾರೂನ ಕೂದ್ಲಾ ಕಿತ್ತೈತಿ ಅಂತ ನಾ ಹೇಳಾಂಗಿಲ್ರಿ. ಉದರಾಕ ಬ್ಯಾರೆ ಕಾರಣಾನೂ ಇರತಾವ” ಎಂದರು ಅವರು. “ಆದ್ರ ಕುಡದು ಉಪಾಸ ಮಲಗಿದ್ರ ರಕ್ತದಾಗ ಏನ ಉಳೀತೈತಿ? ಜೀವಕ್ಕ ಸಾಲದ್ದು ಕೂದ್ಲಕ್ಕ ಎಲ್ಲಿಂದ ಬರಬೇಕು? ಮೊದಲ ಯಾಕ ಹೇಳಲಿಲ್ರಿ?”

ಅಕ್ಕ ನನ್ನ ಕಡೆ ನೋಡಲಿಲ್ಲ. “ನಂದ ತಪ್ಪರಿ” ಎಂದಳು.

ಆ ಮಾತು ನನ್ನನ್ನು ಬಿಡಲಿಲ್ಲ — ನನ್ನ ತಪ್ಪನ್ನು ಅವಳು ಹೊತ್ತಿದ್ದಳು. ಮರುದಿನ ಅವಳನ್ನು ಹಿತ್ತಲಲ್ಲಿ ಬಿಸಿಲಿಗೆ ಕೂರಿಸಿ ಸೆರಗು ಸರಿಸಿದೆ. ಅವಳು ತಡೆಯಲಿಲ್ಲ. ಉಳಿದಷ್ಟು ಕೂದಲನ್ನು ಮೆಲ್ಲಗೆ ಬಾಚಿದೆ. ಹಣಿಗೆಗೆ ಸಿಕ್ಕಿದ್ದನ್ನು ಗೋಡೆಯ ಸಂದಿಗೆ ಇಡಲಾಗಲಿಲ್ಲ; ಮುಷ್ಟಿಯಲ್ಲೇ ಹಿಡಿದುಕೊಂಡೆ. ಅವಳ ಮುಖ ನನಗೆ ಕಾಣುತ್ತಿರಲಿಲ್ಲ — ಅದಕ್ಕೇ ಹೇಳಲು ಬಂತೋ ಏನೋ.

“ಅಕ್ಕಾ, ಅವತ್ತ ನೀ ಹೇಳಾಕ ಬಾಯಿ ತಗದಿದ್ದಿ. ನಾನ ಹೇಳಗೊಡಲಿಲ್ಲ. ನಿನ್ನ ಮಾನಕ್ಕಲ್ಲ ಬೇ, ನನ್ನ ಮಗಳ ಸಂಬಂಧ ಮುರೀತೈತಿ ಅಂತ. ತಪ್ಪಾತು. ನಂದ ತಪ್ಪಾತ ಅಕ್ಕಾ.”