ಗಿರಣಿಯತ್ತೆ ತೊಳೆಯದೆ ಬಿಟ್ಟ ಕೆಸರು

ಅವರ ಕಣ್ಣರೆಪ್ಪೆಗಳ ಮೇಲೆ ಸದಾ ಹಿಟ್ಟು ಕೂತಿರುತ್ತಿತ್ತು. ಹುಬ್ಬಿನಲ್ಲಿ, ಕಿವಿಯ ಸುಳಿಯಲ್ಲಿ, ಕುತ್ತಿಗೆಯ ಮಡಿಕೆಯಲ್ಲಿ ರಾಗಿಯೋ ಗೋಧಿಯೋ ಇದ್ದೇ ಇರುತ್ತಿತ್ತು. ಹಣೆಯ ಮೇಲೆ ವಿಭೂತಿ ಯಾವುದು, ಹಿಟ್ಟು ಯಾವುದು ಎಂದು ಹತ್ತಿರ ಹೋಗಿ ನೋಡಿದರೂ ತಿಳಿಯುತ್ತಿರಲಿಲ್ಲ. ಭದ್ರಾವತಿಯಲ್ಲಿ ಹೊಳೆಯ ಕಡೆಗೆ ಇಳಿಯುವ ನಮ್ಮ ಬೀದಿಯ ಕೊನೆಗೆ ಅವರ ಹಿಟ್ಟಿನ ಗಿರಣಿ, ಅದರ ಹಿಂದಿನ ಒಂದೇ ಕೋಣೆಯಲ್ಲಿ ಅವರ ವಾಸ. ಗಂಡ ತೀರಿಹೋದ ಮೇಲೆ ಆ ಗಿರಣಿಯಿಂದಲೇ ಮಗಳನ್ನು ಓದಿಸಿ, ಶಿವಮೊಗ್ಗದ ರಾಗಿಗುಡ್ಡದ ಕಡೆಗೆ ಮದುವೆ ಮಾಡಿ ಕಳಿಸಿದ್ದರು. ಬೀದಿಗೆಲ್ಲ ಅವರು ಗಿರಣಿಯತ್ತೆ.

ಮೈಮೇಲೆ ಹಿಟ್ಟು ಇರಬಹುದು, ನೆಲದ ಮೇಲೆ ಇರಕೂಡದು. ಪೊರಕೆ ಅವರ ಕೈಬಿಟ್ಟದ್ದನ್ನು ನಾನು ನೋಡಿದ್ದು ಕಡಿಮೆ. ಚಪ್ಪಲಿ ಮೆಟ್ಟಿಕೊಂಡು ಒಳಗೆ ಬಂದವರಿಗೆ ಅಲ್ಲೇ ಮಂಗಳಾರತಿ. ಬಾಯಿ ಎಂದರೆ ಬಾಯಿ. ಒಮ್ಮೆ ನಮ್ಮಮ್ಮ ಸರಿಯಾಗಿ ಒಣಗಿಸದ ರಾಗಿ ಕಳಿಸಿದ್ದಕ್ಕೆ ಸಾಲಿನಲ್ಲಿ ನಿಂತವರೆಲ್ಲ ಕೇಳುವಂತೆ ನನಗೆ ಹೇಳಿದ್ದರು: "ನಿಮ್ಮಮ್ಮಂಗೆ ಹೇಳು, ಇದು ಬೀಸೋ ರಾಗಿ ಅಲ್ಲ, ಬಿತ್ತೋ ರಾಗಿ. ಇನ್ನೊಂದು ದಿನ ಬಿಟ್ಟಿದ್ರೆ ಪೈರೇ ಬರ್ತಿತ್ತು." ಅಮ್ಮ ಸಿಟ್ಟಿನಿಂದ ಬೇರೆ ಗಿರಣಿಗೆ ಹೋದರು. ಅಲ್ಲಿಯ ಹಿಟ್ಟಿನಲ್ಲಿ ಮರಳು ಸಿಕ್ಕಿ ಬಾಯಿ ಮುಚ್ಚಿಕೊಂಡು ವಾಪಸು ಬಂದರು. ಮುಂದೆ ಅಮ್ಮ ಹಾಸಿಗೆ ಹಿಡಿದಾಗ ವಾರವಾರವೂ ಹುರಿಹಿಟ್ಟು ತಂದುಕೊಟ್ಟವರು ಇದೇ ಅತ್ತೆ. "ಬೇಗ ಎದ್ದೇಳು ಮಾರಾಯ್ತಿ, ನಿನ್ನ ಮಗಳಿಗೆ ರಾಗಿ ಕೇರಕ್ಕೂ ಬರಲ್ಲ" ಎಂದು ಬೈದೇ ಕೊಡುತ್ತಿದ್ದರು. ಅಮ್ಮನ ಕೊನೆಯ ದಿನಗಳಲ್ಲಿ ಒಳಗೆ ಇಳಿಯುತ್ತಿದ್ದುದು ಆ ಹುರಿಹಿಟ್ಟಿನ ಗಂಜಿ ಮಾತ್ರ.

ಡ್ಯಾಮಿನ ಗೇಟುಗಳನ್ನೆಲ್ಲ ಎತ್ತಿದ ಒಂದು ಮಳೆಗಾಲದಲ್ಲಿ ಭದ್ರೆ ಬೀದಿಗೆ ಬಂದಳು. ಗಿರಣಿಯಲ್ಲಿ ಎದೆಮಟ್ಟ ನೀರು. ಇಳಿದ ಮೇಲೆ ನೋಡಿದರೆ ಮೋಟಾರು ನೀರು ಕುಡಿದು ಕೂತಿದೆ, ಮೂಟೆಗಳು ಹುಳಿತು ನಾರುತ್ತಿವೆ, ನೆಲದ ಮೇಲೆ ಗೇಣುದ್ದ ಕೆಸರು. ಸರ್ಕಾರದ ಪರಿಹಾರಕ್ಕಾಗಿ ನಷ್ಟದ ಅಂದಾಜು ಮಾಡಲು ಸಾಹೇಬರು ಬರುತ್ತಾರೆಂದು ಸುದ್ದಿ ಬಂತು. ಪಕ್ಕದ ಕುಶನ್ ಅಂಗಡಿಯವನು ಕದ ಎಳೆದುಕೊಂಡು ನೆಂಟರ ಮನೆಗೆ ಹೋಗಿಬಿಟ್ಟ. ಅತ್ತೆ ಸೆರಗು ಸಿಕ್ಕಿಸಿ ತೊಳೆಯಲು ನಿಂತರು. ಕೊಳೆತ ಮೂಟೆಗಳನ್ನು ಹೊಳೆಗೆ ಸುರಿಸಿದರು, ಬೀಸುವ ಕಲ್ಲನ್ನು ಉಜ್ಜಿದರು, ಗೋಡೆಗೆ ಸುಣ್ಣ ಹೊಡೆಸಿದರು, ಬಾಗಿಲಿಗೆ ರಂಗೋಲಿಯನ್ನೂ ಹಾಕಿದರು. "ಸಾಹೇಬ್ರು ಬರ್ತಾರೆ, ಅವ್ರನ್ನ ಈ ಗಲೀಜಲ್ಲಿ ನಿಲ್ಸಕ್ಕಾಗುತ್ತಾ?" ಎಂದು ನನ್ನನ್ನೇ ಕೇಳಿದರು.

ಸಾಹೇಬರು ಬಂದರು, ಸುತ್ತ ನೋಡಿದರು. "ಅಮ್ಮಾ, ಇಲ್ಲಿ ನೀರು ಬಂದಿದ್ದಕ್ಕೆ ಗುರುತೇ ಇಲ್ವಲ್ಲ?"

"ತೊಳ್ದಿದೀನಿ ಸ್ವಾಮಿ. ಇಲ್ಲಿ ತನಕ ಇತ್ತು" ಎಂದು ಅತ್ತೆ ಎದೆ ಮುಟ್ಟಿ ತೋರಿಸಿದರು.

"ತೊಳ್ದಿದ್ದು ಫೋಟೋದಲ್ಲಿ ಬರಲ್ಲಮ್ಮ."

ಅಷ್ಟೇ. ಒಳ್ಳೆಯ ಮಾತಿನಲ್ಲೇ ಹೇಳಿ ಪಕ್ಕದ ಅಂಗಡಿಗೆ ಹೋದರು. ಅಲ್ಲಿ ಕೆಸರು ಹಾಗೇ ಇತ್ತು, ಪರಿಹಾರವೂ ಬಂತು. ಅತ್ತೆಗೆ ಬಿಡಿಗಾಸೂ ಬರಲಿಲ್ಲ. ಕೈಯಲ್ಲಿದ್ದ ಬಳೆ ಮಾರಿ ಮೋಟಾರು ರಿಪೇರಿ ಮಾಡಿಸಿದರು.

ದುಡ್ಡಿಗಿಂತ ಹೆಚ್ಚು ಅವರನ್ನು ತಿಂದದ್ದು ಬೀದಿಯ ನಗು. ಕುಶನ್ ಅಂಗಡಿಯವನು ಹಲ್ಲು ಬಿಟ್ಟುಕೊಂಡು, "ಅಮ್ಮೋರೆ, ನೀವು ಸಾಹೇಬ್ರಿಗೆ ರಂಗೋಲಿ ತೋರಿಸಿದ್ರಿ, ನಾನು ಕೆಸರು ತೋರಿಸ್ದೆ" ಎಂದ. ಅದು ಊರ ಬಾಯಿಗೆ ಹತ್ತಿತು. ಹಿಟ್ಟು ಬೀಸಿಸಲು ಬಂದವರೆಲ್ಲ "ಗಿರಣಿ ತೊಳ್ದಾಯ್ತಾ ಅತ್ತೆ?" ಎಂದೇ ಮಾತು ಶುರು ಮಾಡುವರು. ಅಷ್ಟು ವರ್ಷ ಅವರ ಬಾಯಿಗೆ ಹೆದರಿದ್ದವರಿಗೆಲ್ಲ ಹಬ್ಬ. ಎಲ್ಲಕ್ಕೂ ಎದುರು ಮಾತಿದ್ದ ಹೆಂಗಸು ಇದೊಂದಕ್ಕೆ ಬೆನ್ನು ತಿರುಗಿಸಿ ಧಾನ್ಯ ಸುರಿಯುತ್ತಿದ್ದರು.

ಅಷ್ಟರಲ್ಲಿ ನಾನು ಶಿವಮೊಗ್ಗ ಸೇರಿ ದುರ್ಗಿಗುಡಿಯಲ್ಲಿ ಮನೆ ಮಾಡಿದ್ದೆ. ಹೊಳೆ ಏರಿದರೆ ಊರಿನ ಯಾವ ಬೀದಿ ಎಷ್ಟು ಮುಳುಗುತ್ತದೆ, ಎಷ್ಟು ನಷ್ಟವಾಗುತ್ತದೆ ಎಂದು ಮುಂಚಿತವಾಗಿ ಅಂದಾಜು ಮಾಡುವುದು ನನ್ನ ಕೆಲಸ. ನೀರು ಎಷ್ಟು ಎತ್ತರ, ಒಳಗಿನ ಸಾಮಾನಿಗೆ ಎಷ್ಟು ಬೆಲೆ ಎಂಬ ಎರಡೇ ಪ್ರಶ್ನೆಗಳ ಮೇಲೆ ನಮ್ಮ ಲೆಕ್ಕ ನಿಂತಿದೆ. ನಕ್ಷೆಯಲ್ಲಿ ನಮ್ಮ ಬೀದಿ ಕಡುನೀಲಿ. ಅದನ್ನು ಅತ್ತೆಗೆ ತೋರಿಸಿ, ಗಿರಣಿ ಮತ್ತೆ ಮುಳುಗುವುದು ಖಂಡಿತ, ಮೋಟಾರನ್ನು ಎತ್ತರಕ್ಕೆ ಏರಿಸಿ ಎಂದೆ. ಅವರು ನಕ್ಷೆಯ ಕಡೆ ಸರಿಯಾಗಿ ನೋಡಲೂ ಇಲ್ಲ.

"ಮುಳುಗೋದು ನಂಗೂ ಗೊತ್ತು ಮಾರಾಯ್ತಿ. ಮುಳುಗಿತ್ತು ಅಂತ ನಂಬಿಸೋದು ಹೆಂಗೆ? ಅದನ್ನ ಹೇಳುತ್ತಾ ನಿನ್ನ ಕಂಪ್ಯೂಟ್ರು?"

ನಾನು ನಕ್ಷೆಯನ್ನು ಚೀಲಕ್ಕೆ ಹಾಕಿಕೊಂಡು ಶಿವಮೊಗ್ಗದ ಬಸ್ಸು ಹತ್ತಿದೆ.

ಎರಡನೆಯ ಸಲ ನೀರು ಬಂದು ಇಳಿದ ವಾರ ನಾನು ಭದ್ರಾವತಿಗೆ ಹೋದೆ. ಗಿರಣಿಯ ಬಾಗಿಲು ಓರೆ ಮಾಡಿತ್ತು. ಒಳಗೆ ಕೆಸರಿನ ನಡುವೆ ಸ್ಟೂಲು ಹಾಕಿಕೊಂಡು, ಬಿರಿದ ಹಿಮ್ಮಡಿಗಳನ್ನು ಆ ಕೆಸರಲ್ಲೇ ಇಟ್ಟುಕೊಂಡು ಅತ್ತೆ ಕೂತಿದ್ದರು. ಮೂಟೆಗಳ ಮೇಲೆ ಇಲಿಗಳು ಹಗಲಲ್ಲೇ ಓಡಾಡುತ್ತಿದ್ದವು. ನಾನು ಮೂಲೆಯಲ್ಲಿದ್ದ ಪೊರಕೆಯ ಕಡೆ ಹೆಜ್ಜೆ ಹಾಕಿದೆ. ಫೋಟೋ ತೆಗೆದುಕೊಳ್ಳುತ್ತೇನೆ, ಆಮೇಲೆ ತೊಳೆಯೋಣ ಎಂದೆ.

"ನಿನ್ನ ಫೋಟೋ ನಡೆಯಲ್ವಂತೆ, ಅವ್ರೇ ಬಂದು ತೆಗೀಬೇಕಂತೆ. ನಾನು ತಾಲೂಕಾಫೀಸಲ್ಲಿ ಕೇಳ್ಕೊಂಡು ಬಂದಿದೀನಿ. ಪೊರಕೆ ಮುಟ್ಟಿದ್ಯೋ, ಕೈ ಮುರೀತೀನಿ." ಆಮೇಲೆ ತಮಗೇ ಎಂಬಂತೆ, "ಈ ಸಲ ನೋಡ್ಲಿ" ಎಂದರು.

ಸಾಹೇಬರು ಇವತ್ತು ಬರುತ್ತಾರೆ, ನಾಳೆ ಬರುತ್ತಾರೆ ಎಂದು ದಿನ ಹೋದವು. ಕುಶನ್ ಅಂಗಡಿಯವನು ಈ ಸಲವೂ ನೆಂಟರ ಮನೆಯಲ್ಲಿದ್ದ. ಅತ್ತೆಗೆ ಮಗಳ ಮನೆಗೆ ಹೋಗಲು ಮನಸ್ಸಿರಲಿಲ್ಲ. ತಾವು ಆಚೆ ಹೋದರೆ ಯಾರಾದರೂ ಕನಿಕರಪಟ್ಟು ತೊಳೆದುಬಿಟ್ಟಾರು ಎಂಬ ಭಯ ಅವರಿಗೆ. ಕೆಸರು ತುಂಬಿದ ಹಿಂದಿನ ಕೋಣೆಯಲ್ಲೇ ಉಂಡರು, ಅಲ್ಲೇ ಮಲಗಿದರು.

ತೊಡೆ ಸೆಳೆತ, ಚಳಿ, ಜ್ವರ. ಕಣ್ಣು ಹಳದಿಯಾದ ಮೇಲೆ ಮಗಳು ಬಂದು ಶಿವಮೊಗ್ಗದ ದೊಡ್ಡಾಸ್ಪತ್ರೆಗೆ ಸೇರಿಸಿದಳು. ಇಲಿ ಜ್ವರ, ಇಲಿಯ ಉಚ್ಚೆ ಬೆರೆತ ಕೆಸರಿನಿಂದ ಕಾಲಿನ ಬಿರುಕಿನೊಳಗೆ ಇಳಿದದ್ದು, ಮೂತ್ರಪಿಂಡ ಕೈಕೊಟ್ಟಿದೆ ಎಂದರು ಡಾಕ್ಟರು. ನಾನು ನೋಡಲು ಹೋದಾಗ ನರ್ಸು ಅವರ ಮುಖವನ್ನು ಚೆನ್ನಾಗಿ ಒರೆಸಿದ್ದಳು. ರೆಪ್ಪೆಗಳು ಕಪ್ಪಗಿವೆ ಎಂದು ನನಗೆ ಅವತ್ತೇ ಗೊತ್ತಾದದ್ದು. ಯಾರೋ ಬೇರೆ ಹೆಂಗಸಿನ ಪಕ್ಕ ಕೂತ ಹಾಗಾಯಿತು.

"ಬಂದ್ನಾ ಆ ಸಾಹೇಬ?" ಎಂದು ಕೇಳಿದರು.

"ಇಲ್ಲ ಅತ್ತೆ."

"ಬೀಗ ಹಾಕಿದೀರಾ? ಯಾರೂ ತೊಳೀಬಾರ್ದು."

ಅವರು ನನ್ನೊಂದಿಗೆ ಆಡಿದ ಕೊನೆಯ ಮಾತು ಅದು.

ಹೆಣವನ್ನು ಒಳಗೆ ಇಡುವಂತಿರಲಿಲ್ಲ. ಬೀದಿಯಲ್ಲೇ ಬೆಂಚು ಹಾಕಿ ಮಲಗಿಸಿದರು. ಮಣ್ಣು ಮಾಡಿ ಬಂದ ಮೇಲೆ ಬೀದಿಯ ಹೆಂಗಸರು ಕೊಡ, ಪೊರಕೆ ಹಿಡಿದು ಬಂದರು. ಸಾವಾದ ಮನೆಯನ್ನು ತೊಳೆಯದೆ ಬಿಡುವುದುಂಟೇ? ಮಗಳು ಬಾಗಿಲಿಗೆ ಅಡ್ಡ ನಿಂತಳು. "ಬೇಡ. ಅಮ್ಮ ಬೇಡ ಅಂದಿದಾಳೆ."

ಮಾರನೆಯ ದಿನ ಸಾಹೇಬರು ಬಂದರು, ಅದೇ ಮನುಷ್ಯ. ಮೂಗಿಗೆ ಕರವಸ್ತ್ರ ಹಿಡಿದು ಒಳಗೆ ಇಣುಕಿದವರ ಮುಖ ಅರಳಿತು. "ಹೀಗಿರ್ಬೇಕು ನೋಡಿ. ಏನೂ ಮುಟ್ಟಿಲ್ಲ, ಗೋಡೆ ಮೇಲೆ ನೀರು ನಿಂತ ಗೆರೆ ಸಮೇತ ಇದೆ. ಮಾಲೀಕರು ಎಲ್ಲಿ? ಗೆರೆ ಪಕ್ಕ ನಿಂತ ಫೋಟೋ ಬೇಕು."

ತೀರಿಹೋದರು, ನಿನ್ನೆ, ಈ ಕೆಸರಿನಿಂದಲೇ ಎಂದು ನಾನು ಕಿರುಚಿದೆ. ಅವರು ಪಾಪ ಎಂದರು. ಜ್ವರದ ಸಾವು ನೆರೆಯ ಲೆಕ್ಕಕ್ಕೆ ಬರುವುದಿಲ್ಲ, ನೀರಲ್ಲಿ ಕೊಚ್ಚಿಹೋಗಿದ್ದರೆ ಬರುತ್ತಿತ್ತು ಎಂದರು. "ಮಗಳು ನಿಂತ್ರೂ ನಡೆಯುತ್ತೆ."

ಮಗಳು ಸೀರೆ ಎತ್ತಿಕೊಂಡು ಆ ಕೆಸರಿಗೆ ಇಳಿದಳು. ಬಾರೇ ಈಚೆಗೆ ಎಂದು ನಾನು ತೋಳು ಹಿಡಿದೆಳೆದೆ. "ಒಂದ್ನಿಮಿಷ ಇರಿ ಅಕ್ಕ, ಸರಿಯಾಗಿ ಬರ್ಲಿ" ಎಂದು ಕೈ ಬಿಡಿಸಿಕೊಂಡು ಗೆರೆಯ ಪಕ್ಕ ನೆಟ್ಟಗೆ ನಿಂತಳು.

ಪರಿಹಾರ ಪೂರ್ತಿ ಬಂತು. ನಮ್ಮಮ್ಮನ ಬಾಯಿಗೆ ಕೊನೆಯ ಗುಟುಕು ಕೊಟ್ಟವರ ಋಣವನ್ನು ನಾನು ತೀರಿಸಬಹುದಾದ ದಾರಿ ನನ್ನ ಕೆಲಸದಲ್ಲಿ ಒಂದೇ ಇದೆ. ಹೊಳೆ ಇಳಿದ ಕೂಡಲೇ ಎಲ್ಲರಿಗಿಂತ ಮೊದಲು ಆ ಬೀದಿಗೆ ಓಡುತ್ತೇನೆ. ತೊಳೆಯಿರಿ, ಇವತ್ತೇ ತೊಳೆಯಿರಿ ಎಂದು ಬಾಗಿಲು ಬಾಗಿಲಿಗೆ ಹೋಗಿ ಅಂಗಲಾಚುತ್ತೇನೆ.

ಹೋದ ಮಳೆಗಾಲದಲ್ಲೂ ಹೋಗಿದ್ದೆ. ಬೀದಿಯುದ್ದಕ್ಕೂ ಒಂದು ಮನೆಯವರೂ ಪೊರಕೆ ಮುಟ್ಟಿರಲಿಲ್ಲ. ಮಕ್ಕಳು ಮರಿಗಳೆಲ್ಲ ಬರಿಗಾಲಲ್ಲಿ ಕೆಸರಲ್ಲೇ ಓಡಾಡುತ್ತಿದ್ದರು. ನಾನು ಗಂಟಲು ಹರಿದುಕೊಂಡು ಮುಗಿಸುವವರೆಗೂ ಕುಶನ್ ಅಂಗಡಿಯವನ ಹೆಂಡತಿ ತಾಳ್ಮೆಯಿಂದ ಕೇಳಿಸಿಕೊಂಡಳು.

"ನೀವು ಹಂಗಂತೀರಿ ಮೇಡಂ" ಎಂದಳು. "ಗಿರಣಿ ಅತ್ತೆ ಹಂಗೇ ಬಿಟ್ಟಿದ್ದಕ್ಕೆ ಪೂರ್ತಿ ಸಿಗ್ಲಿಲ್ವಾ?"