ಜೂನ್ ಒಂದಕ್ಕೆ ಹುಟ್ಟಿದವರು

ನನ್ನ ತಂಗಿ ಜಯಶೀಲಾ ಮಾತು ಕಡಿಮೆ. "ಇವಳ ಪಾಲಿನ ಮಾತನ್ನೂ ದೊಡ್ಡೋಳೇ ಆಡಿ ಮುಗಿಸ್ತಾಳೆ" ಎಂದು ನಮ್ಮಪ್ಪ ನಗುತ್ತಿದ್ದರು. ದೊಡ್ಡವಳೆಂದರೆ ನಾನು, ಶಾಂತಾದೇವಿ. ಗಂಡ ತೀರಿಕೊಂಡ ಮೇಲೆ ಹನುಮಂತನಗರದಲ್ಲಿ ತಂಗಿಯ ಮನೆಯಲ್ಲೇ ಇದ್ದೆ. ನನಗೆ ಮಕ್ಕಳಿಲ್ಲ. ಅವಳಿಗೆ ಇಬ್ಬರು: ವಿಮಲಾ, ಅವಳ ಬೆನ್ನಿಗೇ ಹುಟ್ಟಿದ ಶಂಕರ. ಹಾಲಿನವನ ಜೊತೆ ಜಗಳ, ರೇಷನ್ ಅಂಗಡಿಯವನ ಜೊತೆ ಜಗಳ, ಎಲ್ಲ ನನ್ನ ಇಲಾಖೆ. ಅವಳು ಒಳಗೆ ರೊಟ್ಟಿ ತಟ್ಟುತ್ತಾ ಕೇಳಿಸಿಕೊಳ್ಳುತ್ತಿದ್ದಳು.

ಶಂಕರ ಅಮ್ಮನನ್ನೂ ಮೀರಿಸಿದವನು. ಹೊರಗಿನವರೆದುರು ತುಟಿ ಬಿಚ್ಚುತ್ತಿರಲಿಲ್ಲ. ಬಾಯಾರಿದರೂ ಅಕ್ಕನ ಕಿವಿಯಲ್ಲಿ ಪಿಸುಗುಡಬೇಕು, ಅವಳು ಬೀದಿಗೆಲ್ಲ ಕೇಳುವ ಹಾಗೆ "ಇವನಿಗೆ ನೀರು ಬೇಕಂತೆ!" ಎಂದು ಕೂಗಬೇಕು.

೧೯೬೨ರಲ್ಲಿ ತಂಗಿಯ ಗಂಡ ಸಿದ್ದಲಿಂಗಯ್ಯನವರನ್ನು ಅವರ ಕಾರ್ಖಾನೆಯವರು ಎರಡು ವರ್ಷದ ತರಬೇತಿಗೆ ಇಂಗ್ಲೆಂಡಿಗೆ ಕಳಿಸುವುದೆಂದು ಆಯಿತು. ಹೆಂಡತಿ ಮಕ್ಕಳನ್ನೂ ಕರೆದುಕೊಂಡು ಹೋಗಬಹುದು. ಬೀದಿಗೆ ಬೀದಿಯೇ ಹಿಗ್ಗಿತು. ಜಯಶೀಲಾಗೆ ಮಾತ್ರ ಮಕ್ಕಳ ಸ್ಕೂಲಿನದೇ ಚಿಂತೆ. ಅಲ್ಲಿಗೆ ಮೊದಲೇ ಹೋಗಿದ್ದ ರಾಮಪ್ರಸಾದ ಎನ್ನುವ ಸಹೋದ್ಯೋಗಿಗೆ ಗಂಡನ ಕೈಯಲ್ಲಿ ಕಾಗದ ಬರೆಸಿದಳು. ಸ್ಕೂಲು ಮನೆಯಿಂದ ಎಷ್ಟು ದೂರ, ಮಧ್ಯಾಹ್ನ ಮಾಂಸ ಬಡಿಸುತ್ತಾರಾ, ಕೊರಳ ಲಿಂಗ ತೆಗೆಸುತ್ತಾರಾ, ಅಕ್ಕ ತಮ್ಮ ಒಂದೇ ಸ್ಕೂಲಿಗೆ ಹೋಗಬಹುದಾ. "ರೀ, ಕೊನೇದಕ್ಕೆ ಕೆಳಗೆ ಗೆರೆ ಹಾಕಿ" ಎಂದು ಎರಡು ಸಲ ಹೇಳಿದಳು.

ಉತ್ತರ ಬಂತು. ಸಿದ್ದಲಿಂಗಯ್ಯನವರು ಗಟ್ಟಿಯಾಗಿ ಓದಿದರು. ಮನೆಯಿರುವ ಬೀದಿಯ ಕೊನೆಯಲ್ಲೇ ಪುಟ್ಟ ಮಕ್ಕಳ ಸ್ಕೂಲು. ಐದು ತುಂಬಿ ಏಳರ ಒಳಗಿರುವವರಿಗೆ. ಬುತ್ತಿ ಮನೆಯಿಂದಲೇ ತರಬಹುದು. ಏಳಾದವರು ಎರಡು ಮೈಲಿ ಆಚೆಯ ದೊಡ್ಡ ಸ್ಕೂಲಿಗೆ ಬಸ್ಸಿನಲ್ಲಿ ಹೋಗಬೇಕು. ವಯಸ್ಸು ನೋಡಿಯೇ ಕ್ಲಾಸು, ಯಾರ ಮುಲಾಜೂ ಇಲ್ಲ.

"ಇವಳಿಗೆ ಆರು, ಅವನಿಗೆ ಐದು. ಇಬ್ರೂ ಪುಟ್ಟ ಸ್ಕೂಲಿಗೇ!" ಎಂದು ಜಯಶೀಲಾ ಕೈ ತಟ್ಟಿದಳು. ಸಿದ್ದಲಿಂಗಯ್ಯನವರು ತಟ್ಟಲಿಲ್ಲ. ಎದ್ದು ಹೋಗಿ ಪಾಸ್‌ಪೋರ್ಟು ತಂದು ಬಿಡಿಸಿದರು. ಅದರಲ್ಲಿ ವಿಮಲಾ ಹುಟ್ಟಿದ್ದು ೧೯೫೫ನೇ ಇಸವಿ ಜೂನ್ ಒಂದು. ಅಂದರೆ ಏಳು ತುಂಬಿಹೋಗಿದೆ.

ಆ ಜೂನ್ ಒಂದು ನನ್ನ ಕೈವಾಡ. ಎರಡು ವರ್ಷದ ಹಿಂದೆ ವಿಮಲಾಳನ್ನು ಸ್ಕೂಲಿಗೆ ಸೇರಿಸಿದವಳು ನಾನೇ. ಅವಳಿಗಾಗ ನಾಲ್ಕೇ ವರ್ಷ. ಸುಮ್ಮನೆ ಒಂದು ವರ್ಷ ಯಾಕೆ ದಂಡ ಎಂದು "ಐದಾಯ್ತು ಸಾರ್" ಅಂದೆ. ಹೆಡ್‌ಮಾಸ್ಟರು ತಿರುಮಲೇಶ ಮೇಷ್ಟ್ರು ವಯಸ್ಸು ಅಳೆಯುವ ವಾಡಿಕೆಯಂತೆ, "ತಲೆ ಮೇಲಿಂದ ಕೈ ಹಾಕಿ ಆ ಕಡೆ ಕಿವಿ ಮುಟ್ಟು ಮರಿ" ಅಂದರು. ಕೂಸಿನ ಕೈ ನೀಳ, ಆದರೂ ಬೆರಳಷ್ಟು ಕಡಿಮೆ ಬಿತ್ತು. ನಾನು ಹಿಂದಿನಿಂದ ಮೊಣಕೈಯನ್ನು ಮೆಲ್ಲಗೆ ಒತ್ತಿದೆ. ಮೇಷ್ಟ್ರು ನಕ್ಕು ಜೂನ್ ಒಂದು ಎಂದು ಬರೆದುಕೊಂಡರು. ಊರಲ್ಲಿ ಎಲ್ಲರೂ ಮಾಡುವುದೇ ಇದು. ಸ್ಕೂಲಿನ ರಿಜಿಸ್ಟರ್ ನೋಡಿದರೆ ಅರ್ಧ ಬೆಂಗಳೂರು ಹುಟ್ಟಿದ್ದೇ ಜೂನ್ ಒಂದಕ್ಕೆ! ವಿಮಲಾ ಹುಟ್ಟಿದ್ದು ಹಳ್ಳಿಯಲ್ಲಿ, ಸೂಲಗಿತ್ತಿ ಕೈಯಲ್ಲಿ. ಬೇರೆ ಚೀಟಿ ಚಪಾಟಿ ಏನೂ ಇಲ್ಲದೆ ಪಾಸ್‌ಪೋರ್ಟಿಗೂ ಆ ತಾರೀಖೇ ಹತ್ತಿತು.

"ಅಲ್ಲಿ ಹೋಗಿ ನಿಜ ಹೇಳಿದ್ರಾಯ್ತಪ್ಪ" ಅಂದೆ.

"ಸರ್ಕಾರದ ಪಾಸ್‌ಪೋರ್ಟು ಸುಳ್ಳು ಅಂತ ನಾನೇ ಬಾಯಿಬಿಡ್ಲಾ ಅತ್ತಿಗೆ? ನನ್ನ ಕೆಲಸಕ್ಕೇ ಕುತ್ತು ಬರುತ್ತೆ" ಅಂದರು.

ಮಾರನೆಯ ದಿನ ಅಕ್ಕ ತಂಗಿ ಇಬ್ಬರೂ ಮೇಷ್ಟ್ರ ಹತ್ತಿರ ಹೋದೆವು. ತಾರೀಖು ತಿದ್ದಿಕೊಡಿ, ಸುಳ್ಳು ಹೇಳಿದ್ದು ನಾನೇ ಎಂದು ಬೇಕಾದರೆ ಬರೆದುಕೊಡುತ್ತೇನೆ ಅಂದೆ.

ಮೇಷ್ಟ್ರು ಕನ್ನಡಕ ತೆಗೆದಿಟ್ಟರು. "ಬರ್ಕೊಡಿ ತಾಯಿ, ನಾನು ಮೇಲಕ್ಕೆ ಕಳಿಸ್ತೀನಿ. ಇನ್‌ಸ್ಪೆಕ್ಟರು ಬಂದು ರಿಜಿಸ್ಟರ್ ತೆಗೀತಾರೆ. ನಿಮ್ಮ ಮಗು ಒಂದೇನಾ? ಪ್ರತಿ ಪುಟದಲ್ಲೂ ಜೂನ್ ಒಂದು. ಬರೋ ಮಾರ್ಚಿಗೆ ನನ್ನ ರಿಟೈರ್‌ಮೆಂಟು. ಪೆನ್ಷನ್ ನಂಬ್ಕೊಂಡಿದೀನಿ."

ನಾನು ಸುಮ್ಮನಿರುತ್ತಿರಲಿಲ್ಲ, ಅಷ್ಟರಲ್ಲಿ ತಂಗಿ ಎದ್ದಳು. "ಬೇಡ ಸಾರ್. ನಿಮ್ಮ ಅನ್ನ ಕಿತ್ಕೊಂಡು ನನ್ನ ಮಗೂನ ಓದಿಸೋದು ಬೇಡ" ಅಂದಳು.

ದಾರಿಯುದ್ದಕ್ಕೂ ಅವಳು ಲೆಕ್ಕ ಹಾಕುತ್ತಿದ್ದಳು. "ಭಾಷೆ ಬರಲ್ಲ. ತನಗಿಂತ ಒಂದು ವರ್ಷ ದೊಡ್ಡೋರ ಮಧ್ಯೆ ಕೂರಬೇಕು. ಬಸ್ಸಲ್ಲಿ ಒಬ್ಳೇ. ಆ ದೊಡ್ಡ ಸ್ಕೂಲಲ್ಲಿ ಮಗು ಬೆದರಿಹೋಗುತ್ತೆ ಅಕ್ಕ."

"ವಿಮಲಾ ಇಲ್ಲೇ ಇರ್ಲಿ ಬಿಡೆ, ನಾನಿದೀನಲ್ಲ!" ಅಂದೆ.

ಅವಳು ನಡು ಬೀದಿಯಲ್ಲಿ ನಿಂತಳು. "ಆ ಮಾತು ನಿನ್ನ ಬಾಯಲ್ಲಿ ರೆಡಿ ಇತ್ತಾ ಅಕ್ಕ?"

ಇತ್ತು. ಈಗ ಮುಚ್ಚಿಟ್ಟು ಏನು ಬಂತು? ಕಾಗದ ಓದಿದ ಹೊತ್ತಿನಿಂದಲೂ ಒಳಗೊಳಗೇ ಇತ್ತು. ಎರಡು ವರ್ಷ ಆ ಮಗುವಿನ ಜಡೆ ನಾನೇ ಹಾಕಬಹುದು ಎಂದು ನನ್ನ ಪಾಪಿ ಮನಸ್ಸು ಕುಣಿದಿತ್ತು. ಥೂ, ನನ್ನ ಜನ್ಮಕ್ಕಿಷ್ಟು!

ಜಯಶೀಲಾ ಮತ್ತೆ ಆ ಮಾತೆತ್ತಲಿಲ್ಲ. ನಾಲ್ಕು ದಿನ ಯೋಚಿಸಿದಳು. ಐದನೆಯ ದಿನ, ಶಂಕರ ಪುಟ್ಟ ಸ್ಕೂಲಿಗೆ, ವಿಮಲಾ ಇಲ್ಲೇ ಎಂದು ಗಂಡನಿಗೆ ಹೇಳಿ, ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ಸಿಟಿ ಸ್ಟೇಷನ್ನಿನಲ್ಲಿ ರೈಲು ಹೊರಟಾಗ ಶಂಕರ ಕಿಟಕಿಯಿಂದ ಅಕ್ಕನ ಫ್ರಾಕು ಹಿಡಿದವನು ಬಿಡಲೇ ಇಲ್ಲ. ಬೆರಳು ಒಂದೊಂದಾಗಿ ಬಿಡಿಸಿದೆವು.

ಎರಡು ತಿಂಗಳಿಗೆ ತಂಗಿಯ ಕಾಗದ ಬಂತು. ಶಂಕರ ಸ್ಕೂಲಿನಲ್ಲಿ ಈವರೆಗೆ ಒಂದು ಮಾತೂ ಆಡಿಲ್ಲ, ಈ ಮಗುವಿಗೆ ಕಿವಿ ಕೇಳುತ್ತದಾ ಎಂದು ಟೀಚರು ಕೇಳಿದರಂತೆ. ನನಗೆ ಬುದ್ಧಿ ಎಲ್ಲಿತ್ತೋ, ವಿಮಲಾ ಎದುರಿಗೇ ಗಟ್ಟಿಯಾಗಿ ಓದಿಬಿಟ್ಟೆ.

"ನಾನಿದ್ದಿದ್ರೆ ನಾನೇ ಹೇಳ್ತಿದ್ದೆ" ಅಂದಳು. ಆಮೇಲೆ, "ನನ್ನ ಯಾಕೆ ಆ ಸ್ಕೂಲಿಗೆ ಸೇರಿಸ್ಕೊಳ್ಳಲ್ಲ ದೊಡ್ಡಮ್ಮ?"

"ನಿನಗೆ ಏಳು ವರ್ಷ ಅಂತ ಬರೆದಿದೆ ಕಂದಾ."

"ಹಂಗಂತ ಯಾರು ಹೇಳಿದ್ದು?"

ಊರಿಗೆಲ್ಲ ಜವಾಬು ಕೊಟ್ಟವಳು ನಾನು. ಕಾಗದ ಮಡಿಸಿಟ್ಟೆ. "ನಾನೇ" ಅಂದೆ.

ಅವಳು ಅಳಲಿಲ್ಲ. ಒಳಗೆ ಹೋಗಿ ತನ್ನ ಪೆನ್ಸಿಲ್ಲು, ಪುಸ್ತಕದಿಂದ ಹರಿದ ಒಂದು ಹಾಳೆ ತಂದು ನನ್ನ ಮುಂದಿಟ್ಟಳು. "ಹಂಗಾದ್ರೆ ನೀನೇ ಶಂಕರಂಗೆ ಬರಿ. ಅಕ್ಕ ಬರಲ್ಲ ಕಣೋ, ನೀನೇ ಮಾತಾಡು ಅಂತ ಬರಿ" ಅಂದಳು.